ಅಲ್ಲಾಡಿಸಿ ಕೊಂಡ ಸಿಡಿ ಪ್ಲೇಯರ್

ಎಲ್ಲದಕ್ಕೂ ಮೂಲ ಶರತ್ಚಂದ್ರನ ಹೆಂಡತಿಯ ತುಪ್ಪದ ಡಬ್ಬಿ.

ಹಳೇಬೀಡಿನ ಮೇಗಲಬೀದಿ ಗೆಳೆಯರ ಬಳಗದವರು ಕಳೆದ ವರ್ಷ ರಾಜ್ಯೋತ್ಸವಕ್ಕೆ ಡಿಜೆ ಸೆಟ್ಟನ್ನು ಬಾಡಿಗೆಗೆ ತಂದಿದ್ದರು. ಹಾಡು ಹಾಕುವುದಕ್ಕೆ ಶರತ್ಚಂದ್ರ ತನ್ನ ಮೊಬೈಲನ್ನು ಬ್ಲೂಟೂತಿನಲ್ಲಿ ಜೋಡಿಸಿದ್ದ. ಕುಣಿತ ರಂಗೇರಿದ ಹೊತ್ತಿಗೆ ಸರಿಯಾಗಿ ಮನೆಯಿಂದ ಕರೆ ಬಂತು. ಕತ್ತರಿಸಲು ಹೋದವನು ಗಾಬರಿಯಲ್ಲಿ ಎತ್ತಿಬಿಟ್ಟ. “ರೀ, ನಿಮ್ಮವ್ವ ಮತ್ತೆ ನನ್ ಡಬ್ಬೀಗೆ ಕೈ ಹಾಕಿ ತುಪ್ಪ ತಿಂದವ್ರೆ ಕಣ್ರೀ!” ಎಂಬ ಮಾತು ಆರು ಸ್ಪೀಕರುಗಳಿಂದ ಒಟ್ಟಿಗೆ ಹೊರಟಿತು. ಗುಡಿಯ ಗೋಡೆಯಲ್ಲಿ ಸಾಲಾಗಿ ನಿಂತಿರುವ ಕಲ್ಲಿನ ಆನೆಗಳೂ ಅಂದು ಕಿವಿ ನಿಮಿರಿಸಿರಬೇಕು. ಅವನ ಅವ್ವ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಶರತ್ಚಂದ್ರ ಆಮೇಲೆ ಎರಡು ತಿಂಗಳು ಹೋಟೆಲಿನಲ್ಲಿ ಉಂಡ.

ಬಳಗದ ಅಧ್ಯಕ್ಷ ಕರಿಬಸವಯ್ಯನವರು ಸಭೆ ಕರೆದು, “ಇನ್ ಮ್ಯಾಕೆ ನಮ್ ಬೀದೀಲಿ ಬ್ಲೂಟೂತ್ ಅನ್ನೋ ಸನಿ ಕಾಲಿಡಂಗಿಲ್ಲ” ಎಂದು ತೀರ್ಪು ಕೊಟ್ಟರು. ಪೆನ್‌ಡ್ರೈವ್ ಆಗಬಹುದಲ್ಲ ಎಂದು ಒಬ್ಬರು ಮೆಲ್ಲಗೆ ಕೇಳಿದರು. ಅದರ ಹಿಂದಿನ ವರ್ಷ ಪೆನ್‌ಡ್ರೈವು ಸಂತರ್ಪಣೆಯ ಸಾಂಬಾರಿಗೆ ಬಿದ್ದು, ಎರಡನೇ ಪಂಕ್ತಿಯಲ್ಲಿ ಯಾರದೋ ಎಲೆಗೆ ನುಗ್ಗೆಕಾಯಿಯ ಜೊತೆ ಹೋಗಿದ್ದನ್ನು ಇನ್ನೊಬ್ಬರು ನೆನಪಿಸಿದರು. ಉಳಿದದ್ದು ಸಿಡಿ. ಸಿಡಿಗೆ ಹೆಂಡತಿಯ ಫೋನ್ ಬರುವುದಿಲ್ಲ, ಸಾಂಬಾರಿಗೆ ಬಿದ್ದರೆ ಕಣ್ಣಿಗೆ ಕಾಣುತ್ತದೆ. ಮೇಲಾಗಿ ಕರಿಬಸವಯ್ಯನವರ ಟ್ರಂಕಿನಲ್ಲಿ ಮುನ್ನೂರು ಸಿಡಿಗಳು ಕೊಳೆಯುತ್ತಾ ಬಿದ್ದಿದ್ದವು. ಬಳಗದ ಸ್ವಂತ ಡಿಜೆ ಸೆಟ್ ಮಾಡುವುದೆಂದು ನಿರ್ಣಯವಾಯಿತು. ವರ್ಷ ತಿರುಗುವುದರೊಳಗೆ ಸ್ಪೀಕರುಗಳೂ ಆಂಪ್ಲಿಫೈಯರೂ ಬಂದವು. ಸಿಡಿ ಪ್ಲೇಯರು, ಮಿಕ್ಸರು ಮಾತ್ರ ಬಾಕಿ.

ಅವೆರಡನ್ನು ಆರಿಸಿ ತರುವ ಕೆಲಸ ಕಾರ್ಯದರ್ಶಿ ಮುರಳೀಕೃಷ್ಣನ ತಲೆಗೆ ಬಂತು. ಹೈಸ್ಕೂಲಿನ ಗುಮಾಸ್ತ, ಬಿಲ್ಲಿಲ್ಲದೆ ಕಾಫಿ ಕೂಡ ಕುಡಿಯದ ಮನುಷ್ಯ ಎಂಬ ನಂಬಿಕೆ ಒಂದು ಕಾರಣ. ಅವನ ಬಾಯಲ್ಲಿ ‘ಆಗುವುದಿಲ್ಲ’ ಎಂಬ ಮಾತು ನಲವತ್ತಾರು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ ಎಂಬುದು ನಿಜವಾದ ಕಾರಣ. ಹೆದರುವವರ ಮೇಲೆ ಕಪ್ಪೆ ಎಸೆದರು ಅನ್ನುತ್ತಾರಲ್ಲ, ಹಾಗಾಯಿತು. ಯಾಕೆಂದರೆ ಮುರಳಿ ಈ ಭೂಮಿಯ ಮೇಲೆ ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದುದು ಡಿಜೆಯ ಸದ್ದಿಗೇ.

ಆ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಬಳಗದ ಕಟ್ಟೆಯಿಂದ ಅವನ ಮನೆ ಎರಡೇ ಮನೆಯಾಚೆ. ಕಳೆದ ರಾಜ್ಯೋತ್ಸವದಂದು ಸ್ಪೀಕರು ದಬ್ ಎಂದಾಗಲೆಲ್ಲ ಅಡಿಗೆಮನೆಯ ಸ್ಟ್ಯಾಂಡಿನಿಂದ ಒಂದೊಂದೇ ಲೋಟ ಉರುಳಿತ್ತು. ಲೋಟ ಹೋಗಲಿ. ಅವನ ತಾಯಿ ಚೆಲುವಾಂಬನವರಿಗೆ ಎಂಬತ್ತೆರಡು. ಕಿವಿ ಕೇಳಿಸುವುದು ನಿಂತು ಆರು ವರ್ಷ. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ, ತಲೆಯೊಳಗೆ ಕುಕ್ಕರ್ ಕೂಗಿದ ಹಾಗಾಗುತ್ತದೆ ಎಂದು ಡಬ್ಬಿಗೆ ಹಾಕಿಟ್ಟಿದ್ದರು. ಇತ್ತೀಚೆಗೆ ಹೃದಯವೂ ದುರ್ಬಲವಾಗಿತ್ತು. ಗಾಬರಿಯಾಗದ ಹಾಗೆ ನೋಡಿಕೊಳ್ಳಿ ಎಂದು ಹಾಸನದ ಡಾಕ್ಟರು ಹೇಳಿದ್ದರು. ಅಂದು ಡಿಜೆ ಹೊಡೆಯುತ್ತಿದ್ದಷ್ಟು ಹೊತ್ತೂ ಆ ಮುದುಕಿ ನಡುಮನೆಯ ಜಗಲಿಯ ಮೇಲೆ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು ಅಲ್ಲಾಡದೆ ಕುಳಿತಿದ್ದರು. ಮುರಳಿ ಬಾಗಿಲ ಸಂದಿಯಿಂದ ಅದನ್ನು ನೋಡಿ ಬೆವತುಹೋಗಿದ್ದ. ನೋಯುತ್ತಿದೆಯೇ ಅಮ್ಮ ಎಂದು ಕೇಳಲೂ ಅವನಿಗೆ ಧೈರ್ಯವಾಗಿರಲಿಲ್ಲ. ಹೌದು ಎಂದುಬಿಟ್ಟರೆ?

ಹೊರಡುವ ಬೆಳಿಗ್ಗೆ ಹೆಂಡತಿ ಹಂಸಾ ಕಾಫಿ ಕೊಡುತ್ತಾ, “ರೀ, ಆರಿಸೋರು ನೀವೇ ತಾನೆ? ಇರೋದರಲ್ಲೇ ಸಣ್ಣ ದನಿದು ನೋಡಿ ತನ್ನಿ” ಎಂದಳು.

“ಸಿಕ್ಕಿಬಿದ್ದರೆ?”

“ಅಮ್ಮನಿಗೆ ಏನಾದರೂ ಆದರೆ?”

ಎರಡು ಹೆದರಿಕೆಗಳಲ್ಲಿ ಯಾವುದು ದೊಡ್ಡದು ಎಂದು ಲೆಕ್ಕ ಹಾಕುವಷ್ಟರಲ್ಲಿ ಹೊರಗೆ ಬಸವಕುಮಾರನ ಲಗೇಜ್ ಗಾಡಿ ಹಾರ್ನ್ ಹೊಡೆಯಿತು.

ಬಸವಕುಮಾರ್ ಗಾಡಿ ಓಡಿಸುವವನೂ ಹೌದು, ಬಳಗದ ಮುಂದಿನ ಡಿಜೆಯೂ ಹೌದು. ಮೂರು ಜನಕ್ಕೆ ಒಂದೂವರೆ ಸೀಟು. ನಡುವೆ ಮುರಳಿ, ಎಡಕ್ಕೆ ಕರಿಬಸವಯ್ಯನವರು. ಕರಿಬಸವಯ್ಯನವರದು ಗರಡಿಯಲ್ಲಿ ಪಳಗಿದ ಮೈ, ಅರವತ್ತೈದಾದರೂ ಹೆಬ್ಬಾಗಿಲಿನ ಹಾಗೆ ನಿಲ್ಲುವ ಆಳು. ಜಾವಗಲ್ ದಾಟುವವರೆಗೂ ಅವರು ಮಾತಾಡಲಿಲ್ಲ. ದಾಟಿದ ಮೇಲೆ ಆಡಿದ್ದನ್ನು ಕೇಳಿದರೆ ಮಾತಾಡದೆ ಇದ್ದದ್ದೇ ಒಳ್ಳೆಯದಾಗಿತ್ತು ಎನಿಸಿತು.

“ಐನೋರೆ, ಸಾಮಿಯಾನ ತರಾಕ್ ಹೋಗಿದ್ದ ನಮ್ ರುದ್ರೇಶನ್ ಕತೆ ಗೊತ್ತಲ್ಲ?”

“ಇಲ್ಲ ಯಜಮಾನ್ರೇ.”

“ಕಮಿಸನ್ ಆಸೇಗೆ ತೂತ್ ಸಾಮಿಯಾನ ತಂದಿದ್ದ ನನ್ ಮಗ. ಊಟದ್ ವತ್ಗೆ ಮಳೆ ಬಂತು. ಯಾವ್ ತೂತು ದೊಡ್ದು ಅಂತ ನೋಡ್ದೆ. ಅದ್ರ್ ಕೆಳೀಕೇ ಅವನ್ನ ಕೂರ್ಸಿ ಎಲೆ ಹಾಕ್ಸ್ದೆ. ಎಲೆ ಖಾಲಿ ಆಗಾಗಂಟ ಎದ್ದೀಯಾ ಅಂದೆ. ಕುಡುದ, ಕುಡುದ, ಪಾಯ್ಸ ಮುಗೀನೇ ಇಲ್ಲ.”

ಬಸವಕುಮಾರ್ ಸ್ಟಿಯರಿಂಗ್ ಮೇಲೆ ಬಿದ್ದು ನಕ್ಕ. ಮುರಳಿಯೂ ನಕ್ಕ. ಅವನ ನಗುವಿನಲ್ಲಿ ಹಲ್ಲು ಕಂಡವೇ ಹೊರತು ಸದ್ದು ಬರಲಿಲ್ಲ. ಅರಸೀಕೆರೆ ಬರುವವರೆಗೂ ಅವನ ನೆತ್ತಿಯ ಮೇಲೆ ತೊಟಕ್ ತೊಟಕ್ ಎಂದು ನೀರು ಬೀಳುತ್ತಿದ್ದ ಹಾಗೇ ಇತ್ತು.

ಕುಮಾರಸ್ವಾಮಿಯ ಸೌಂಡ್ಸ್ ಅಂಗಡಿ ಸಂತೆ ಮೈದಾನದ ಹಿಂದಿನ ಗಲ್ಲಿಯಲ್ಲಿತ್ತು. ಅಂಗಡಿಯ ತುಂಬ ಸ್ಪೀಕರು, ವೈರು, ಬಣ್ಣದ ದೀಪ. ಕುಮಾರಸ್ವಾಮಿ ಮೇಜಿನ ಮೇಲೆ ಎರಡು ಸಿಡಿ ಪ್ಲೇಯರುಗಳನ್ನು ಜೋಡಿಸಿಟ್ಟ. ಒಂದು ಹೊಸದು, ಹಗುರ, ಮಿರಿಮಿರಿ ಮಿಂಚುತ್ತಿತ್ತು. ಇನ್ನೊಂದು ಯಾವುದೋ ಮುಚ್ಚಿಹೋದ ಕಲ್ಯಾಣ ಮಂಟಪದಿಂದ ಬಂದದ್ದು, ಕಪ್ಪಗೆ, ಇಟ್ಟಿಗೆಯಷ್ಟು ಭಾರ. ಕರಿಬಸವಯ್ಯನವರೂ ಬಸವಕುಮಾರನೂ ಬಣ್ಣದ ದೀಪ ನೋಡಲು ಒಳಕ್ಕೆ ಹೋದ ಸಮಯ ನೋಡಿ ಮುರಳಿ ದನಿ ತಗ್ಗಿಸಿದ.

“ಇವೆರಡಕ್ಕೂ ಏನು ವ್ಯತ್ಯಾಸ?”

“ಸತ್ಯ ಹೇಳ್ತೀನಿ ಸಾರ್. ಹೊಸದಕ್ಕೆ ಆಂಟಿ ಶಾಕ್ ಇದೆ. ಪಕ್ಕದಲ್ಲಿ ರೋಡ್ ರೋಲರ್ ಹೋದ್ರೂ ಹಾಡು ನಿಲ್ಲಲ್ಲ. ಈ ಹಳೇದು ಇದೆಯಲ್ಲ, ಲೇಸರ್ ಏನೋ ಚೆನ್ನಾಗಿದೆ, ಆದ್ರೆ ಒಳಗಡೆ ಒಂದು ರಬ್ಬರು ಬಿಟ್ಟುಕೊಂಡಿದೆ. ಸೌಂಡ್ ಜಾಸ್ತಿ ಕೊಟ್ರೆ ಅದರ ಅದುರಿಗೆ ಸಿಡಿ ಹಾರುತ್ತೆ, ಹಾಡು ಸಿಕ್ಕಿಹಾಕ್ಕೊಳ್ಳುತ್ತೆ.”

ಮುರಳಿಯ ಕಿವಿ ನೆಟ್ಟಗಾಯಿತು. “ಸೌಂಡ್ ಕಮ್ಮಿ ಕೊಟ್ಟರೆ?”

“ಹಾರಲ್ಲ.”

“ಜಾಸ್ತಿ ಕೊಟ್ಟರೆ?”

“ಹಾರುತ್ತೆ.”

“ಖಂಡಿತ ಹಾರುತ್ತಾ?”

“ಹಾರುತ್ತೆ ಸಾರ್, ಅದಕ್ಕೇ ನಿಮಗೆ ಹೊಸದೇ...”

“ಇದೇ ಕೊಡಿ” ಎಂದ ಮುರಳಿ. ಕುಮಾರಸ್ವಾಮಿ ಮೂವತ್ತು ವರ್ಷದ ವ್ಯಾಪಾರದಲ್ಲಿ ಕೆಟ್ಟುಹೋದದ್ದನ್ನು ಕೇಳಿಕೊಂಡು ಕೊಳ್ಳುವವರನ್ನು ಕಂಡಿರಲಿಲ್ಲ. ಅವನು ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ಮುರಳಿ ಅಷ್ಟಕ್ಕೇ ನಿಲ್ಲದೆ ಮಿಕ್ಸರುಗಳತ್ತ ತಿರುಗಿದ. ಇದ್ದ ಮೂರರಲ್ಲಿ ಒಂದು ಚಿಕ್ಕದರ ಮೂಲೆಯಲ್ಲಿ ಕೆಂಪು ಗುಂಡಿಯಿತ್ತು. ಇದೇನು ಎಂದು ಕೇಳಿದ. ಅದನ್ನು ಒತ್ತಿದರೆ ದಬ್ ದಬ್ ಅನ್ನುವುದು ಪೂರ್ತಿ ಹೊರಟುಹೋಗಿ ಬರೀ ಹಾಡು ಉಳಿಯುತ್ತದೆ, ಮತ್ತೆ ಒತ್ತಿದರೆ ದಬ್ ದಬ್ ವಾಪಸು ಬರುತ್ತದೆ ಎಂದು ಕುಮಾರಸ್ವಾಮಿ ಹೇಳಿದ. ಮುರಳಿಗೆ ಆ ಕೆಂಪು ಗುಂಡಿ ಗರ್ಭಗುಡಿಯ ನಂದಾದೀಪದ ಹಾಗೆ ಕಂಡಿತು.

ಅಷ್ಟರಲ್ಲಿ ಒಳಗಿನಿಂದ ಕರಿಬಸವಯ್ಯನವರು ಬಂದರು. ಹಳೆಯದನ್ನು ಯಾಕೆ ಕೊಳ್ಳಬೇಕು ಎಂದು ಕೇಳಿದರೆ ಏನು ಹೇಳುವುದು? ದಾರಿಯುದ್ದಕ್ಕೂ ಯೋಚಿಸಿದ್ದ ಸುಳ್ಳುಗಳೆಲ್ಲ ಒಟ್ಟಿಗೆ ಮರೆತುಹೋದವು.

ಆದರೆ ಕರಿಬಸವಯ್ಯನವರು ಏನನ್ನೂ ಕೇಳಲಿಲ್ಲ. ಅವರದು ನಾಲ್ಕು ತಲೆಮಾರಿನ ತೆಂಗಿನ ತೋಟ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡು ಲೊಡಲೊಡ ಎಂದರೆ ಬಲಿತಿದೆ, ಸುಲಿಯಬಹುದು ಎಂದು ಹೇಳುವ ಕುಳ. ಲೋಕದಲ್ಲಿ ಕೊಳ್ಳುವ ವಸ್ತು ಯಾವುದೇ ಇರಲಿ, ಅವರ ಪರೀಕ್ಷೆ ಅದೊಂದೇ. ಹೊಸ ಪ್ಲೇಯರನ್ನು ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ.

“ಎಳೇದು” ಎಂದು ಕೆಳಗಿಟ್ಟರು.

ಹಳೆಯದನ್ನು ಎತ್ತಿ ಅಲ್ಲಾಡಿಸಿದರು. ಒಳಗೆ ಬಿಟ್ಟುಕೊಂಡಿದ್ದ ರಬ್ಬರು ಲೊಡಲೊಡಲೊಡ ಎಂದಿತು. ಕರಿಬಸವಯ್ಯನವರ ಮುಖ ಅರಳಿತು.

“ನೋಡ್ಲಾ ಬಸ್ವ, ಹೆಂಗ್ ಬಲಿತೈತೆ! ಇದ್ನೇ ಕಟ್ಸಿ.”

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಮುರಳಿ ಮನಸ್ಸಿನಲ್ಲೇ ಮಾಲೇಕಲ್ಲು ತಿರುಪತಿಯ ವೆಂಕಟರಮಣನಿಗೆ ಅಷ್ಟು ಮೆಟ್ಟಿಲನ್ನೂ ಬರಿಗಾಲಲ್ಲಿ ಹತ್ತುತ್ತೇನೆಂದು ಹರಕೆ ಹೊತ್ತ. ಬಸವಕುಮಾರ್ ಮಾತ್ರ ಹುಬ್ಬು ಗಂಟಿಕ್ಕಿದ. “ಮುರಳಿ ಸಾರ್, ಇದ್ರಾಗೆ ಆಂಟಿ ಶಾಕ್ ಐತಾ?”

“ಇದೆ” ಎಂದ ಮುರಳಿ. ತನ್ನ ಬಾಯಿಂದ ಅಷ್ಟು ಸಲೀಸಾಗಿ ಹೊರಟ ಸುಳ್ಳನ್ನು ಅವನಿಗೇ ನಂಬಲಾಗಲಿಲ್ಲ.

ವಾಪಸು ಬರುವಾಗ ಪ್ಲೇಯರು ಅವನ ತೊಡೆಯ ಮೇಲಿತ್ತು. ರಸ್ತೆಯ ಪ್ರತಿ ಉಬ್ಬಿಗೂ ಒಳಗಿನ ರಬ್ಬರು ಲೊಡಲೊಡ ಎಂದು ಚಾಡಿ ಹೇಳುತ್ತಿತ್ತು. ಜಾವಗಲ್ಲಿಗೆ ಇನ್ನೂ ಎರಡು ಮೈಲಿ ಇದ್ದಾಗ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ತೆಗೆದು ನೋಡಿದರೆ ಕುಮಾರಸ್ವಾಮಿ.

ಅಂಗಡಿಯವನಿಗೆ ಪಾಪಪ್ರಜ್ಞೆ ಕಾಡಿರಬೇಕು. ಕೆಟ್ಟದ್ದನ್ನು ಕೊಟ್ಟುಬಿಟ್ಟೆ, ವಾಪಸು ತನ್ನಿ ಎನ್ನಲು ಮಾಡುತ್ತಿದ್ದಾನೆ. ಎತ್ತಿದರೆ ಈ ಇಕ್ಕಟ್ಟಿನಲ್ಲಿ ಪಕ್ಕದವರಿಗೆ ಒಂದೊಂದು ಅಕ್ಷರವೂ ಕೇಳಿಸುತ್ತದೆ. ಕತ್ತರಿಸಿದ. ಮತ್ತೆ ಬಂತು. ಮತ್ತೆ ಕತ್ತರಿಸಿದ.

“ಯಾರ್ ಐನೋರೆ ಅದು, ಎತ್ರಲ್ಲ?”

“ಸಾಲ ಬೇಕಾ ಅಂತ ಕೇಳೋರು, ಯಜಮಾನ್ರೇ.”

“ಕೊಡಿ ಇಲ್ಲಿ, ನಾನ್ ಮಾತಾಡ್ತೀನಿ. ಇನ್ನೊಂದ್ ಜಲ್ಮಕ್ಕೆ ಮಾಡ್ಬಾರ್ದು.”

“ಬೇಡಿ, ಪಾಪ, ಹೊಟ್ಟೆಪಾಡು!” ಎಂದು ಮುರಳಿ ಫೋನನ್ನು ಅದುಮಿ ಆರಿಸಿ, ತೊಡೆಯ ಕೆಳಗಿಟ್ಟುಕೊಂಡು ಅದರ ಮೇಲೇ ಕುಳಿತ. ಹಳೇಬೀಡು ಬರುವಷ್ಟರಲ್ಲಿ ಅವನ ಅಂಗಿ ಒದ್ದೆಯಾಗಿ ಬೆನ್ನಿಗಂಟಿತ್ತು.

ಸಂಜೆ ಐದೂವರೆಗೆ ಬಳಗದ ಕಟ್ಟೆಯ ಮೇಲೆ ಟ್ರಯಲ್. ಬೀದಿಗೆ ಬೀದಿಯೇ ಸೇರಿತ್ತು. ಪ್ಲೇಯರಿಗೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕುಯ್ದು, ಕಾಯಿ ಒಡೆದರು. ಬಸವಕುಮಾರ್ ಟೋಪಿಯನ್ನು ಹಿಂದುಮುಂದು ಮಾಡಿಕೊಂಡು ಮಿಕ್ಸರಿನ ಮುಂದೆ ನಿಂತ. ‘ಸಂತೆಗೆ ಹೋಗಾನ ಬಾ’ ಎಂದು ಯಾವನೋ ಗಂಡು ಕರೆಯುವ ಜನಪದ ಧಾಟಿಯ ಹಾಡು ಹೊರಟಿತು. ಮೊದಮೊದಲು ಮೆಲ್ಲಗೆ, ಚೆನ್ನಾಗಿಯೇ ಇತ್ತು.

“ಏರ್ಸ್ಲಾ!” ಎಂದರು ಕರಿಬಸವಯ್ಯನವರು.

ಬಸವಕುಮಾರ್ ಏರಿಸಿದ. ಸ್ಪೀಕರು ದಬ್ ಎಂದಿತು, ಮೇಜು ಅದುರಿತು, ಹಾಡುವವನ ನಾಲಿಗೆ ಅಲ್ಲೇ ಸಿಕ್ಕಿಕೊಂಡಿತು. “ಸಂತೆಗೆ ಹೋಗಾನ ಬಾ-ಬಾ-ಬಾ-ಬಾ-ಬಾ...”

ಇಳಿಸಿದರೆ ಸರಿಹೋಯಿತು. ಏರಿಸಿದರೆ ಮತ್ತೆ “ಬಾ-ಬಾ-ಬಾ-ಬಾ.” ಗುಂಪಿನಲ್ಲಿ ಯಾರೋ, “ಇವ್ನು ಸಂತೇಗ್ ಕರೀತಾವ್ನಾ, ಕುರಿ ಕರೀತಾವ್ನಾ?” ಎಂದರು. ಜನ ಗೊಳ್ಳೆಂದರು. ಮುರಳಿಯ ಎದೆಯೊಳಗೆ ಒಂದು ಗಳಿಗೆ ಬೆಲ್ಲ ಕರಗಿದಂತಾಯಿತು. ಅಮ್ಮ ಬದುಕಿದಳು ಎಂದುಕೊಂಡ. ಮರುಗಳಿಗೆಗೆ ಕರಿಬಸವಯ್ಯನವರು ಮೆಲ್ಲಗೆ ಕತ್ತು ತಿರುಗಿಸಿ ಅವನನ್ನೇ ನೋಡಿದರು. ನಗು ಒಂದೊಂದಾಗಿ ಆರಿತು.

“ಆಂಟಿ ಶಾಕ್ ಐತೆ ಅಂದ್ರಲ್ಲ ಸಾರ್?” ಎಂದ ಬಸವಕುಮಾರ್.

ಆಗಲೇ ಕರಿಬಸವಯ್ಯನವರ ಫೋನ್ ಹೊಡೆದುಕೊಂಡಿತು. ಅವರು ಫೋನಿನಲ್ಲಿ ಮಾತಾಡುವುದು ಸ್ಪೀಕರ್ ಹಾಕಿಯೇ.

“ಅಧ್ಯಕ್ಷರೇ, ನಾನು ಅರಸೀಕೆರೆ ಕುಮಾರಸ್ವಾಮಿ. ಬಿಲ್ಲಿಗೆ ನೀವು ಕೊಟ್ಟಿದ್ದ ನಂಬರು ನೋಡಿ ಮಾಡ್ತಿದ್ದೀನಿ. ನಿಮ್ಮ ಸೆಕ್ರೆಟ್ರಿ ಸಾಹೇಬ್ರಿಗೆ ಎಂಟು ಸಲ ಮಾಡಿದೆ, ಎತ್ತಲೇ ಇಲ್ಲ.”

ಎಂಟು ಸಲ ಎಂಬುದನ್ನು ಕೇಳಿ ಕರಿಬಸವಯ್ಯನವರ ಹುಬ್ಬು ಮೇಲಕ್ಕೇರಿತು. ಮುರಳಿ ಓಡುವುದಕ್ಕೆ ದಾರಿ ನೋಡಿದ. ಹಿಂದೆ ಹೆಂಗಸರು, ಎಡಕ್ಕೆ ಸ್ಪೀಕರು, ಬಲಕ್ಕೆ ಚರಂಡಿ.

“ಏನ್ ಸಮಾಚಾರ ಯೋಳಿ” ಎಂದರು ಕರಿಬಸವಯ್ಯನವರು.

“ಆ ಪ್ಲೇಯರು ಸೌಂಡ್ ಏರಿಸಿದ್ರೆ ಹಾರುತ್ತೆ, ಅದನ್ನ ಹೇಳೋಣ ಅಂತ. ನಿಮ್ಮ ಸೆಕ್ರೆಟ್ರಿಗೇನೋ ಗೊತ್ತು. ಹಾರುತ್ತಾ, ಖಂಡಿತ ಹಾರುತ್ತಾ ಅಂತ ಮತ್ತೆ ಮತ್ತೆ ಕೇಳಿದ್ರು. ಹಾರುತ್ತೆ ಅಂತ ನಾನು ಹೇಳಿದ ಮೇಲೇನೇ ‘ಇದೇ ಕೊಡಿ’ ಅಂದ್ರು.”

“ಅಂದ್ರೆ ಐನೋರ್ಗೆ ಮೊದ್ಲೇ ಗೊತ್ತಿತ್ತು” ಎಂದರು ಕರಿಬಸವಯ್ಯನವರು, ಒಂದೊಂದು ಮಾತನ್ನೂ ತೂಗಿ ಇಡುವವರಂತೆ. ಮುರಳಿ ಕಣ್ಣು ಮುಚ್ಚಿದ. ನೆತ್ತಿಯ ಮೇಲೆ ಮತ್ತೆ ತೊಟಕ್ ತೊಟಕ್ ಶುರುವಾಯಿತು.

ಫೋನಿನೊಳಗೆ ಕುಮಾರಸ್ವಾಮಿ ಮುಂದುವರಿಸಿದ. “ಅವರು ಹೋದ ಮೇಲೆ ತುಂಬಾ ಹೊತ್ತು ಯೋಚನೆ ಮಾಡಿದೆ ಅಧ್ಯಕ್ಷರೇ. ಆಮೇಲೆ ಹೊಳೀತು. ಅಲ್ಲಾಡದ ಜಾಗದಲ್ಲಿಟ್ರೆ ಅದು ಹೊಸದರಪ್ಪನ ಹಾಗೆ ಹಾಡುತ್ತೆ, ಲೇಸರ್ ಅಷ್ಟು ಗಟ್ಟಿ. ನಿಮ್ಮ ಸೆಕ್ರೆಟ್ರಿ ಹತ್ರ ಅಂಥ ಜಾಗ ಇರಬೇಕು, ಅದಕ್ಕೇ ಧೈರ್ಯವಾಗಿ ತಗೊಂಡ್ರು ಅಂದ್ಕೊಂಡೆ. ಮೇಜಿನ ಮೇಲೆ ಇಡಬೇಡಿ. ಭೂಮಿಗೆ ಹೂತ ಕಲ್ಲಿದ್ರೆ ಅದರ ಮೇಲಿಡಿ. ಅಷ್ಟು ಹೇಳೋಕೆ ಮಾಡಿದೆ.”

ಬೀದಿಗೆ ಬೀದಿಯೇ ಮುರಳಿಯ ಮನೆಯತ್ತ ತಿರುಗಿತು.

ಆ ಮನೆಯ ನಡುಮನೆಯಲ್ಲಿ ಕಿಟಕಿಗೆ ಒತ್ತಿಕೊಂಡ ಹಾಗೆ ಒಂದು ಕಲ್ಲಿನ ಜಗಲಿಯಿತ್ತು. ಮುರಳಿಯ ತಾತ ನಾಲ್ಕಡಿ ಆಳ ಹೂತು ಕೂರಿಸಿದ ಒಂದೇ ಕಲ್ಲು. ಮೂರು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ರೋಡ್ ರೋಲರಿನ ಅದುರಿಗೆ ಬೀದಿಯ ಗೋಡೆಗಳೆಲ್ಲ ಬಿರುಕು ಬಿಟ್ಟಿದ್ದವು. ಆ ಜಗಲಿಯ ಮೇಲಿಟ್ಟ ತುಂಬಿದ ಲೋಟದ ಹಾಲು ಮಾತ್ರ ಒಂದು ಹನಿಯೂ ತುಳುಕಲಿಲ್ಲ. ಈ ಸಂಗತಿ ಬೀದಿಯ ಪ್ರತಿಯೊಬ್ಬರಿಗೂ ಗೊತ್ತಿತ್ತು. ಯಾಕೆಂದರೆ ಮೂರು ವರ್ಷದಿಂದ ಪ್ರತಿಯೊಬ್ಬರಿಗೂ ಅದನ್ನು ಹೇಳಿಕೊಂಡು ಬಂದವನು ಮುರಳಿಯೇ. ಹೆದರುವ ಮನುಷ್ಯ ಹೆಮ್ಮೆಪಡುತ್ತಿದ್ದುದು ಅದೊಂದಕ್ಕೇ.

“ಐನೋರೆ!” ಎಂದು ಕರಿಬಸವಯ್ಯನವರು ಎರಡೂ ತೋಳು ಚಾಚಿಕೊಂಡು ಬಂದರು. ಮುರಳಿ ಹೊಡೆತಕ್ಕೆ ಬೆನ್ನು ಸಿದ್ಧ ಮಾಡಿಕೊಂಡ. ಅವರು ಬಾಚಿ ತಬ್ಬಿಕೊಂಡರು. “ನಿಮ್ ಮನೆ ಜಗಲಿನೇ ಬಳಗಕ್ಕೆ ಕೊಡಾಕ್ ಹೊಂಟಿದ್ರಾ? ಅದ್ಕೇ ಬಾಯ್ ಬುಡ್ಲಿಲ್ವಾ? ಎಂಥಾ ದೊಡ್ ಮನಸ್ರೀ ನಿಮ್ದು!”

“ಅದು ಹಾಗಲ್ಲ... ನಮ್ಮ ತಾಯಿಯವರಿಗೆ ಹೃದಯ...” ಎಂದ ಮುರಳಿ. ಅವನ ಮುಖ ಕರಿಬಸವಯ್ಯನವರ ಎದೆಗೆ ಒತ್ತಿಕೊಂಡಿದ್ದರಿಂದ ಮಾತು ಅಲ್ಲೇ ಇಂಗಿತು.

ಹತ್ತು ನಿಮಿಷದಲ್ಲಿ ಪ್ಲೇಯರೂ ಮಿಕ್ಸರೂ ಜಗಲಿಯ ಮೇಲಿದ್ದವು. ವೈರು ಕಿಟಕಿಯಿಂದ ಹೊರಕ್ಕೆ ಹೋಯಿತು. ವೈರಿದ್ದುದು ಇಪ್ಪತ್ತೇ ಅಡಿ. ಆದ್ದರಿಂದ ಎರಡು ಮನೆಯಾಚೆ ಇದ್ದ ಸ್ಪೀಕರುಗಳು ಅವನ ಬಾಗಿಲಿಗೇ ಬಂದು ಸಾಲಾಗಿ ನಿಂತವು. ಮನೆ ತುಂಬ ಜನ ನುಗ್ಗಿದರೆ ನೆಲ ಅದುರುತ್ತದೆ, ಒಳಗೆ ಮನೆಯವರು ಮಾತ್ರ ಇರಲಿ ಎಂದು ಕರಿಬಸವಯ್ಯನವರು ಅಪ್ಪಣೆ ಮಾಡಿದರು. ಬಸವಕುಮಾರ್ ಕಣ್ಣಲ್ಲಿ ನೀರು ತಂದುಕೊಂಡು ತನ್ನ ಟೋಪಿಯನ್ನು ಮುರಳಿಯ ತಲೆಗಿಟ್ಟ, ಹಿಂದುಮುಂದಾಗಿ. ಹಂಸಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಗಂಡನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸದಿರುವುದೇ ಒಳ್ಳೆಯದು.

ಜಗಲಿಯ ಇನ್ನೊಂದು ತುದಿಯಲ್ಲಿ ಎಂದಿನಂತೆ ಚೆಲುವಾಂಬನವರು ಕುಳಿತಿದ್ದರು. ಯಾಕೆ ಇಷ್ಟು ಜನ ಬಂದು ಹೋದರೆಂದು ಅವರು ಕೇಳಲಿಲ್ಲ.

“ಏರ್ಸಿ ಐನೋರೆ!” ಎಂದು ಕಿಟಕಿಯಾಚೆಯಿಂದ ಕೂಗು ಬಂತು.

ಮುರಳಿ ಏರಿಸಿದ. ದಬ್! ಸಿಡಿ ಹಾರಲಿಲ್ಲ. ದಬ್! ದಬ್! ಹಂಚಿನ ಸಂದಿಯಿಂದ ಧೂಳು ಉದುರಿತು. ತಿರುಗಿ ನೋಡಿದರೆ ಅಮ್ಮ ಕಣ್ಣು ಮುಚ್ಚಿದ್ದರು. ಕೈ ಎದೆಯ ಮೇಲಿತ್ತು. ಕಳೆದ ವರ್ಷದ ಹಾಗೆಯೇ. ಕರಿಬಸವಯ್ಯ ಇರಲಿ, ಯಮನೇ ಬರಲಿ, ಇನ್ನು ತಡೆಯುವುದು ಆಗದು ಎಂದು ಹುಟ್ಟಿದ ಮೇಲೆ ಮೊದಲ ಬಾರಿಗೆ ಅವನಿಗೆ ಧೈರ್ಯ ಬಂತು. ಕೆಂಪು ಗುಂಡಿ ಒತ್ತಿದ.

ದಬ್ ದಬ್ ಪೂರ್ತಿ ಹೊರಟುಹೋಯಿತು. ಹಾಡು ಸೊಳ್ಳೆಯ ಹಾಗೆ ಸಣ್ಣಗೆ ಉಳಿಯಿತು.

ಚೆಲುವಾಂಬನವರು ಕಣ್ಣು ಬಿಟ್ಟರು.

“ಯಾಕೋ ನಿಲ್ಲಿಸಿದೆ?”

“ಅಮ್ಮ, ಎದೆ ನೋಯ್ತಿದೆಯಾ?” ಎಂದು ಮುರಳಿ ಕೈಸನ್ನೆಯಲ್ಲಿ ಕೇಳಿದ.

“ನೋಯೋದ್ಯಾಕೋ? ಕಿವಿಯಲ್ಲಂತೂ ಏನೂ ಕೇಳಿಸಲ್ಲ. ಹೀಗೆ ಕೈಯಿಟ್ಕೊಂಡ್ರೆ ಎದೇಲಿ ಕೇಳಿಸುತ್ತೆ ಕಣೋ. ಆರು ವರ್ಷದಲ್ಲಿ ನಾನು ಸಂಗೀತ ಅಂತ ಕೇಳಿದ್ದು ಹೋದ ವರ್ಷ ಒಂದು ದಿನ. ವರ್ಷವಿಡೀ ಕಾದಿದ್ದೀನಿ. ನೀನು ಹೆದರೋ ಪ್ರಾಣಿ ಅಂತ ಬಾಯಿಬಿಟ್ಟು ಕೇಳಲಿಲ್ಲ.”

ಅವರು ಸುಕ್ಕುಗಟ್ಟಿದ ಬೆರಳು ಚಾಚಿ, ಕೆಂಪು ಗುಂಡಿಯನ್ನು ತಾವೇ ಇನ್ನೊಮ್ಮೆ ಒತ್ತಿದರು. ಮತ್ತೆ ಯಾರೂ ಅದನ್ನು ಮುಟ್ಟದ ಹಾಗೆ ಅದರ ಮೇಲೆ ತಮ್ಮ ತುಳಸಿಮಣಿಯ ಡಬ್ಬಿಯನ್ನು ಅಡ್ಡ ಇಟ್ಟರು.

“ಇನ್ನೊಂದು ಸ್ವಲ್ಪ ಏರಿಸು ಮಗು. ನಾಳೆಯೂ ಹಾಕ್ತಾರಾ?”

“ದಿನಾ ಸಂಜೆ ಹಾಕಾನ ಬುಡಿ ಅಮ್ಮಾವ್ರೆ!” ಎಂದು ಕಿಟಕಿಯಲ್ಲಿ ಕರಿಬಸವಯ್ಯನವರ ಮೀಸೆ ಕಾಣಿಸಿತು. ಚೆಲುವಾಂಬನವರಿಗೆ ಅದು ಕೇಳಿಸಲಿಲ್ಲ, ಆದರೂ ತಲೆಯಾಡಿಸಿದರು.

ಮುರಳಿ ಏರಿಸಿದ. ಅಡಿಗೆಮನೆಯಲ್ಲಿ ಮೊದಲನೆಯ ಲೋಟ ಉರುಳಿತು, ಅದರ ಹಿಂದೆ ಎರಡನೆಯದು. ಜಗಲಿಯ ಮೇಲಿನ ಸಿಡಿ ಮಾತ್ರ ಕೂದಲೆಳೆಯಷ್ಟೂ ಹಾರಲಿಲ್ಲ.